ನಿರ್ಮಲಕ್ಕ ಹೇಳದ ಹೆಸರು

ಫೋನಿಗೆ ಬಂದ ಮದುವೆ ಕರೆಯೋಲೆಯನ್ನು ನಿರ್ಮಲಕ್ಕ ತೆರೆಯುತ್ತಿರಲಿಲ್ಲ. ಸ್ವಂತ ಸೋದರಮಾವನ ಮಗಳ ಮದುವೆಯದಾದರೂ ಅಷ್ಟೇ. “ಕಾರ್ಡ್ ಕೈಯಾಗ ಕೊಡ್ರಿ, ಇಲ್ಲಾಂದ್ರ ಬಾಯಿಲೆ ಹೇಳ್ರಿ, ಬರ್ತೀನಿ” ಎನ್ನುತ್ತಿದ್ದಳು. ನೆಂಟರು ಮುನಿಸಿಕೊಂಡರು. “ಆಕಿಗೆ ನೌಕರಿ ಸೊಕ್ಕು ಬಂದೈತಿ” ಎಂದು ತುರ್ವಿಹಾಳದ ಅವಳ ದೊಡ್ಡಮ್ಮ ನಮ್ಮ ಅಂಗಳದಲ್ಲೇ ನಿಂತು ಕೂಗಿ ಹೋಗಿದ್ದರು.

ಸಿಂಧನೂರಿನ ನಮ್ಮ ಮನೆಯ ಮಹಡಿಯಲ್ಲಿ ಅವಳು ಬಾಡಿಗೆಗಿದ್ದಳು. (ಹೆಸರುಗಳನ್ನೂ ಕೆಲವು ಗುರುತುಗಳನ್ನೂ ಬದಲಿಸಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.) ಹಿತ್ತಲಾಚೆ ಅಕ್ಕಿ ಗಿರಣಿ. ಹೊಟ್ಟಿನ ಧೂಳಿಗೆ ಹೆದರಿ ಕಿಟಕಿ ಮುಚ್ಚಿ, ಆ ಸೆಕೆಯಲ್ಲೇ ಕುಳಿತು ಹೊರದೇಶದ ಒಂದು ಸೈಬರ್ ಭದ್ರತಾ ಕಂಪನಿಗೆ ದುಡಿಯುತ್ತಿದ್ದಳು. ಸರ್ಕಾರಗಳು ಸಂಬಳ ಕೊಟ್ಟು ಸಾಕಿದ ಹ್ಯಾಕರುಗಳನ್ನು ಪತ್ತೆ ಹಚ್ಚುವುದು ಆ ಕಂಪನಿಯ ಕಸುಬು. ಕರೆಯೋಲೆಯ ವೇಷದಲ್ಲಿ ಫೋನಿಗೆ ಕಳ್ಳರು ನುಗ್ಗುವುದನ್ನು ಅವಳು ದಿನವೂ ನೋಡುತ್ತಿದ್ದಳು. ಇಂಥ ದಾಳಿ ಇಂಥ ದೇಶದ್ದು ಎಂದು ಬಹಿರಂಗವಾಗಿ ಹೇಳಿ ಹೇಳಿಯೇ ಅದು ಹೆಸರು ಮಾಡಿತ್ತು.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಯಾರು ಏನೇ ಹೇಳಲಿ, ಎದುರು ಪಕ್ಷ ಹಿಡಿಯದೆ ಊಟ ಸೇರದು. ಅವಳು ನನಗಿಟ್ಟ ಹೆಸರು ಕೊಕ್ಕೆಪ್ಪ.

“ಅವರು ಇಂಥಾ ದೇಶದವರು ಅಂತ ಹೆಂಗ ಹೇಳ್ತೀಯಕ್ಕ?”

“ಎಷ್ಟೊತ್ತಿಗೆ ಕೆಲಸ ಶುರು ಮಾಡ್ತಾರ, ಯಾವಾಗ ಉಣ್ಣಾಕ ಏಳ್ತಾರ, ಯಾವ ಹಬ್ಬಕ್ಕ ಸೂಟಿ ತಗೋತಾರ, ನೋಡ್ತೀವಿ. ಕಳ್ಳನಾದ್ರೇನು, ಸರ್ಕಾರಿ ನೌಕರ ಆಫೀಸ್ ಟೈಮ್ ಬಿಡಂಗಿಲ್ಲ.”

“ಬೇಕಂತ ಬ್ಯಾರೆ ದೇಶದ ಟೈಮಿಗೆ ಕೆಲಸ ಮಾಡಿದ್ರ?”

“ಮಾಡ್ತಾರ. ಅದಕ್ಕ ಒಂದ ಗುರ್ತು ಸಾಲಂಗಿಲ್ಲ. ನಾಕೂ ಕಡಿಂದ ತಾಳೆ ಆಗೂತನಕ ನಾ ಹೆಸರು ಬಾಯಿಗೆ ತರಂಗಿಲ್ಲ, ತಿಳೀತೇನ್ಲೇ ಕೊಕ್ಕೆಪ್ಪ?”

ಒಮ್ಮೆ ಮನೆಯ ಇಂಟರ್ನೆಟ್ ಸತ್ತಾಗ, ಇದು ಯಾವುದೋ ದೇಶ ಅವಳ ಮೇಲೆ ತೀರಿಸಿಕೊಂಡ ಸೇಡೇ ಎಂದು ವಾದಿಸಿದ್ದೆ. ಅವಳು ಮಾಳಿಗೆ ಹತ್ತಿ ನೋಡಿ ಬಂದಳು. “ಅಳಿಲು ವೈರ್ ಕಡದೈತಿ. ಯಾವ ದೇಶದ್ದಂತ ಕೇಳಿ ಬರ್ಲೇನು?”

ಕಳೆದ ಬೇಸಿಗೆಯಲ್ಲಿ ಆ ನಗು ನಿಂತಿತು. ಒಂದು ಮಧ್ಯಾಹ್ನ ನನ್ನನ್ನು ಮೇಲೆ ಕರೆದು ಬಾಗಿಲು ಹಾಕಿದಳು. ದಾಳಿಕೋರರೊಬ್ಬರ ಜಾಡು ಹಿಡಿದು ಹೋದಾಗ ಅವಳಿಗೆ ಸಿಕ್ಕಿದ್ದು ಲಿಂಗಸುಗೂರಿನ ಒಂದು ಫೋನು. ನಾನು ಜೂನಿಯರ್ ಆಗಿ ಹೋಗುತ್ತಿದ್ದ ಶರಣಪ್ಪ ವಕೀಲರದು. ಕೂಲಿ ಹೆಣ್ಣುಮಕ್ಕಳ ಪರವಾಗಿ ದೊಡ್ಡವರ ಮೇಲೆ ಕೇಸು ನಡೆಸುತ್ತಿದ್ದವರು. ಅವರ ಮಾತೆಲ್ಲ ಆ ಫೋನಿನಿಂದ ಸೋರಿ ಹೋಗುತ್ತಿತ್ತು.

“ನಾಕೂ ಕಡಿಂದ ತಾಳೆ ಆಗೈತಿ,” ಎಂದಳು. “ಮ್ಯಾಲಿನವರು ಫೈಲ್ ಮುಚ್ಚು ಅಂದಾರ. ಇದನ್ನ ಮಾಡಿಸಿದ ಸರ್ಕಾರ ನಮ್ಮ ಗಿರಾಕಿ ಅಂತ.”

“ನೀ ಹೇಳಿಬಿಡು.”

“ಹೊರಗ ಹೇಳಂಗಿಲ್ಲ ಅಂತ ಸಹಿ ಮಾಡೀನಿ. ಹೇಳಿದ್ರ ನೌಕರಿ ಹೋಗ್ತದ, ಕೋರ್ಟಿಗೂ ಎಳೀತಾರ.”

“ಹಂಗಾರ ಸುಮ್ನಿರು.”

“ಆ ಹೆಣ್ಮಕ್ಕಳ ಹೆಸರೆಲ್ಲಾ ಆ ಫೋನ್ ಕೇಳಾಕತ್ತೈತಲ್ಲೋ.”

ಎರಡೂ ಪಕ್ಷ ನಾನೇ ಹಿಡಿದಿದ್ದೆ. ಎರಡೂ ಸೋತವು.

ಕೊನೆಗೆ ಅವಳನ್ನು ಒಪ್ಪಿಸಿ ನಾನು ಲಿಂಗಸುಗೂರಿಗೆ ಹೋಗಿ, ಫೋನು ಜೊತೆಗಿರದ ಹೊತ್ತು ನೋಡಿ, ಕೋರ್ಟಿನ ಬೇವಿನ ಮರದಡಿ ಸರ್ ಕಿವಿಗೆ ಸುದ್ದಿ ಹಾಕಿದೆ. ಅವರು ಫೋನನ್ನು ಆಫೀಸಿನಲ್ಲೇ ಬಿಟ್ಟು ಮಸ್ಕಿಗೆ ಬಂದರು. ನಿರ್ಮಲಕ್ಕ ಸಿಂಧನೂರಿನಿಂದ ಬಂದಳು. ನಡುವಿನ ಆ ಊರಿನ ಚಹಾದಂಗಡಿಯಲ್ಲಿ ಕುಳಿತೆವು.

“ಯಾವ ಸರ್ಕಾರ, ತಂಗಿ?”

“ಅದೊಂದು ಕೇಳಬ್ಯಾಡ್ರಿ. ಫೋನ್ ಬದಲಿ ಮಾಡ್ರಿ ಸಾಕು.”

ಸರ್ ಲೋಟ ಪಕ್ಕಕ್ಕೆ ಸರಿಸಿದರು. “ಇವತ್ತು ಫೋನ್ ಬಂದ್ ಮಾಡಿದ್ರ, ಇವಗ ಯಾರು ಹೇಳಿದ್ರು ಅಂತ ನಾಳೆ ಹುಡುಕ್ತಾರ. ಈ ಸೀಮ್ಯಾಗ ಇಂಥಾದ್ದು ತಿಳಿದಾಕಿ ನೀ ಒಬ್ಬಾಕಿ. ಫೋನ್ ಇರ್ಲಿ.”

“ನನ್ನ ಸಲುವಾಗಿ ಅದನ್ನ ಕಿಸೆದಾಗ ಇಟ್ಕೊಂಡು ಅಡ್ಡಾಡ್ತೀರೇನ್ರಿ?”

“ಅಡ್ಡಾಡ್ತೀನಿ.”

ಇದೆಂಥ ತರ್ಕ ಎಂದು ಕೇಳಲು ಬಾಯಿ ತೆರೆದೆ. ಇಬ್ಬರೂ ನನ್ನತ್ತ ನೋಡಲಿಲ್ಲ. ಅಂದಿನಿಂದ ಹೆಣ್ಣುಮಕ್ಕಳ ಜೊತೆ ಮಾತೆಲ್ಲ, ಫೋನು ಒಳಗಿಟ್ಟು, ಬೇವಿನ ಮರದಡಿ. ಫೋನಿಗೆ ಸರ್ ತಮ್ಮ ಬಿಪಿ ಗುಳಿಗೆ, ಅಳಿಯನ ಟ್ರ್ಯಾಕ್ಟರ್, ಹತ್ತಿ ದರ ಕೇಳಿಸಿದರು.

ನಿರ್ಮಲಕ್ಕ ಹೆಚ್ಚು ದಿನ ತಾಳಲಿಲ್ಲ. “ಇದೊಂದನ್ನ ಮುಚ್ಚಿಟ್ಟು ಬ್ಯಾರೆ ದೇಶದವರ ಹೆಸರು ಬರಿಯಾಕ ಈಗ ಕೈ ಏಳವಲ್ದು” ಎಂದು ರಾಜೀನಾಮೆ ಕೊಟ್ಟಳು. ಬಿಟ್ಟರೂ ಬಿಡುಗಡೆಯಿಲ್ಲ: ಸಹಿಯ ಕಟ್ಟು ನೌಕರಿ ಹೋದ ಮೇಲೂ ಉಳಿಯುತ್ತದಂತೆ. ಊರು ಬಿಡುವ ದಿನ, ಸರ್‌ಗೆ ಹೇಳಿ ಹೋಗುತ್ತೇನೆಂದು ನನ್ನೊಂದಿಗೆ ಲಿಂಗಸುಗೂರಿಗೆ ಬಂದಳು.

ಆಫೀಸಿನಲ್ಲಿ ಸರ್ ಅದೇ ಫೋನಿನಲ್ಲಿದ್ದರು. ನಡುವೆ ಇಡಲಾಗದ ಕರೆ: ಆ ಕಡೆ ದೊಡ್ಡ ಅಧಿಕಾರಿ. ಅವಳ ದನಿ ಆ ಫೋನಿನ ಕಿವಿಗೆ ಬೀಳಬಾರದು. ಸರ್ ಕಣ್ಣಲ್ಲೇ ಕುರ್ಚಿ ತೋರಿಸಿದರು. ಚಹಾ ಬಂತು. ಅವಳು ಕುಡಿದಳು. ಆ ಕಡೆಯ ಮಾತು ಮುಗಿಯಲೇ ಇಲ್ಲ. ಬಸ್ಸಿನ ಹೊತ್ತಾಯಿತು. ಎದ್ದು ಕೈ ಮುಗಿದಳು. ಸರ್ ಎದ್ದು ನಿಂತರು, “ಹ್ಞೂಂ ರೀ, ಹ್ಞೂಂ ರೀ” ಎಂದು ಫೋನಿಗೆ ಹೇಳುತ್ತ ಬಾಗಿಲವರೆಗೂ ಬಂದರು. ಅವಳು ಮೆಟ್ಟಿಲಿಳಿದು ಹೋದಳು.

ಕರೆ ಮುಗಿದ ಮೇಲೆ ಸರ್ ಫೋನನ್ನು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ, ಅದಕ್ಕೆ ಕೇಳುವಷ್ಟು ಗಟ್ಟಿಯಾಗಿ ಕೇಳಿದರು: “ಯಾರಪಾ ಅವರು ಬಂದಿದ್ದು?”

“ಯಾರೋ ಏನೋ ಸರ್,” ಎಂದೆ. “ಆಫೀಸ್ ತಪ್ಪಿ ಬಂದಿದ್ರು.”