ಅಕ್ಕ ಕಾಯ್ದ ಎಲೆ

ಕೇರಳಕ್ಕೆ ತರಕಾರಿ ಒಯ್ಯುತ್ತಿದ್ದ ನಮ್ಮ ಬೀದಿಯ ಲಾರಿ ಡ್ರೈವರಿಗೆ, ಗಾಡಿ ನಿಲ್ಲಿಸುವಂತಿಲ್ಲದ ಬಂಡೀಪುರ ದಾಟುವವರೆಗೂ ಮೂತ್ರ ತಡೆದುಕೊಳ್ಳುವುದು ಅಭ್ಯಾಸವಾಗಿತ್ತು. ಕಿಡ್ನಿ ಕೆಟ್ಟು, ಅವನ ಅಕ್ಕ ಕೊಟ್ಟ ಕಿಡ್ನಿ ಕಸಿಯಾದ ಮೇಲೂ ಹಾಗೇ ತಡೆದು, ಸೋಂಕಾಗಿ, ಮತ್ತೆ ಆಸ್ಪತ್ರೆ ಸೇರಿದ. ಅಂದಿನಿಂದ ಮಾತಿನ ನಡುವೆಯೇ ಎದ್ದುಬಿಡುತ್ತಿದ್ದ: "ಒಳಗಿರೋದು ಅಕ್ಕಂದು ಕಣ್ಲಾ, ಕಾಯಿಸ್ಬಾರ್ದು."

ಗುಂಡ್ಲುಪೇಟೆಯ ಒಂದು ಮದುವೆಯ ಪಂಕ್ತಿಯಲ್ಲಿ ಮಾತ್ರ, ಹಿರಿಯರ ನಡುವೆ ಏಳಲು ಸಂಕೋಚಪಟ್ಟು, ಅನ್ನ ಕಲಸುತ್ತಲೇ ಕೂತಿದ್ದ. ಸಾರು ಬಡಿಸುತ್ತಿದ್ದ ಅಕ್ಕ ಅವನ ಮುಖ ನೋಡಿದಳು. "ಓಗ್ಬುಟ್ಟು ಬಾ" ಎಂದು ಎಬ್ಬಿಸಿ, ಆ ಎಲೆಯ ಮುಂದೆ ತಾನೇ ಕೂತಳು.

ಅವನು ಮರಳಿದಾಗ ಹಿರಿಯರೊಬ್ಬರು, "ಎದ್ದ ಎಲೆಗೆ ಮತ್ತೆ ಕೂರಬಾರ್ದು ಕಣಪ್ಪ" ಎಂದರು.

"ಎದ್ದಿಲ್ಲ ದೊಡ್ಡಪ್ಪ," ಎಂದಳು ಅಕ್ಕ, ತಮ್ಮನಿಗೆ ಜಾಗ ಬಿಡುತ್ತ. "ಅವನೊಳಗೆ ನಾನೂ ಇವ್ನಿ. ನಾನು ಇಲ್ಲೇ ಕೂತಿದ್ನಲ್ಲ."