ಅಕ್ಕನ ಮುಖದ ಬಿಲ್ಲೆ

ಹಳೆಯ ಪದಕ, ತೆರೆದು ಮುಚ್ಚುವ ಲಾಕೆಟ್ಟು, ಜೋಡಿ ಕಳೆದುಕೊಂಡ ಜುಮಕಿ, ಇವನ್ನೆಲ್ಲ ಬಿಡಿಸಿ, ತೊಳೆದು, ಹವಳ ಕರಿಮಣಿ ಸೇರಿಸಿ ಹೊಸ ಸರ ಪೋಣಿಸುವುದು ನನ್ನ ಕೆಲಸ. ಬಳ್ಳಾರಿಯ ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಇದೆ. ಅದೇ ನನ್ನ ಕಾರ್ಖಾನೆ. ನಮ್ಮ ಯಜಮಾನರು ಅದನ್ನು ಗುಜರಿ ಅನ್ನುತ್ತಾರೆ. ಅನ್ನಲಿ. ಅವರ ತಂಗಿಯರು ಹಬ್ಬಕ್ಕೆ ಬಂದಾಗ ಚಪ್ಪಲಿ ಬಿಟ್ಟ ಕೂಡಲೇ ಕೈ ಹಾಕುವುದು ಇದೇ ಗುಜರಿಗೆ.

ಸಾಮಾನು ಬರುವುದು ಬೆಳ್ಳಿ ಅಂಗಡಿಯಿಂದ. ಜನ ಹಳೆಯ ಬೆಳ್ಳಿ ಕೊಟ್ಟು ಹೊಸದು ಒಯ್ಯುತ್ತಾರೆ. ಹಳೆಯದೆಲ್ಲ ಕರಗಲು ಹೋಗುತ್ತದೆ. ಹೋಗುವ ಮೊದಲು, ಕೆತ್ತನೆ ಇರುವ ಒಂದೆರಡನ್ನು ಅಂಗಡಿಯವರು ನನಗೆಂದು ಎತ್ತಿಡುತ್ತಾರೆ. ಲಾಕೆಟ್ಟುಗಳ ಒಳಗೆ ಏನೇನೋ ಸಿಗುತ್ತದೆ: ಮುಖ ಅಳಿಸಿಹೋದ ಫೋಟೊ, ಯಾವುದೋ ಕೂಸಿನ ಕೂದಲು, ಮಡಚಿಟ್ಟ ಕೆಂಪು ಬಟ್ಟೆಯ ಚೂರು. ಬಿಸಾಕಲು ಕೈ ಬರುವುದಿಲ್ಲ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತೇನೆ. ಯಾರದು, ಯಾಕೆ ಕೊಟ್ಟರು ಎಂದು ಕೇಳುವುದಿಲ್ಲ. ಕೇಳಿದರೆ ಇಕ್ಕಳ ಹಿಡಿದ ಕೈ ಮುಂದೆ ಓಡುವುದಿಲ್ಲ. ನನ್ನದು ಒಂದೇ ನೇಮ, ದೇವರ ಮುಖ ಇರುವುದನ್ನು ಮಾತ್ರ ಮುಟ್ಟುವುದಿಲ್ಲ. ಎಲ್ಲಮ್ಮನೋ ಲಕ್ಷ್ಮಿಯೋ ಬಂದರೆ ನಮಸ್ಕಾರ ಮಾಡಿ ವಾಪಸ್ ಕಳಿಸುತ್ತೇನೆ.

ಹೋದ ವರ್ಷ ಬಂದ ಆ ಬಿಲ್ಲೆಯನ್ನೂ ಮೊದಲು ಎಲ್ಲಮ್ಮ ಅಂದುಕೊಂಡೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಬೆಳ್ಳಿ, ಕಪ್ಪು ಹಿಡಿದಿತ್ತು. ಅಂಟುವಾಳದ ನೊರೆಯಲ್ಲಿ ನೆನೆಸಿ ಉಜ್ಜಿದಾಗ ಒಬ್ಬ ಹೆಂಗಸಿನ ಮುಖ ಮೇಲೆ ಬಂತು. ಕಿರೀಟ ಇರಲಿಲ್ಲ. ನಡುವೆ ಬೈತಲೆ, ಮೂಗುಬೊಟ್ಟು, ಸ್ವಲ್ಪ ತೆರೆದ ತುಟಿ, ಅಷ್ಟೇ. ಮುಟ್ಟಿ ಮುಟ್ಟಿ ಗಲ್ಲ ಸವೆದಿತ್ತು. ದೇವರಲ್ಲ ಎಂದು ಖಾತ್ರಿಯಾದ ಮೇಲೆ ಕೆಲಸಕ್ಕೆ ಕೂತೆ. ನಡುವೆ ಈ ಮುಖ, ಎರಡೂ ಕಡೆ ಹಳೆಯ ಬೆಳ್ಳಿ ಗುಂಡು, ಆಮೇಲೆ ಹವಳ, ಕೊನೆಗೆ ಕರಿದಾರ. ನಾನೇ ಹೇಳಿಕೊಳ್ಳಬಾರದು, ಆದರೆ ಅಂಥ ಸರ ನನ್ನ ಕೈಯಿಂದ ಮತ್ತೊಂದು ಆಗಿಲ್ಲ. ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ.

ಅದೇ ವಾರ ಕುರುಗೋಡಿನ ನನ್ನ ಗೆಳತಿ, ಮಗಳ ಮದುವೆಯ ಸೀರೆ ತೆಗೆಯಲು ಬಳ್ಳಾರಿಗೆ ಬಂದಳು. ನಾವಿಬ್ಬರೂ ಕುರುಗೋಡಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಮಗಳೂ ಜೊತೆಗಿದ್ದಳು. ಆ ಹುಡುಗಿ ಮೇಜಿನ ಮೇಲಿದ್ದ ಸರ ಕಂಡದ್ದೇ ತಡ, ಕೊರಳಿಗೆ ಹಿಡಿದುಕೊಂಡು ಕನ್ನಡಿಗೆ ಓಡಿದಳು.

“ಚಿಕ್ಕಮ್ಮ, ಈಕಿ ಏನೋ ಹೇಳಾಕ ಹತ್ಯಾಳ ನೋಡ್ರಿ. ತುಟಿ ನೋಡ್ರಿ!”

“ಹಂಗಾರ ನೀನ ಕೇಳಿಸ್ಕೋ. ಮದುವಿಗೆ ನನ್ನ ಉಡುಗೊರಿ,” ಅಂದೆ. ನನ್ನ ಕೈಯಾರೆ ಕೊಂಡಿ ಹಾಕಿದೆ. ಹುಡುಗಿ ಕುಣಿದಾಡಿಬಿಟ್ಟಳು. ಗೆಳತಿಯ ಕಣ್ಣು ತುಂಬಿತು. ನನಗೂ ಒಳಗೊಳಗೇ ಹಿಗ್ಗು.

ಅವರು ಹೋಗಿ ಸ್ವಲ್ಪ ದಿನಕ್ಕೆ ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಒಬ್ಬ ಅಜ್ಜಿ, ಅವರ ಸೊಸೆ. ಸಿರುಗುಪ್ಪದಿಂದ ಬಸ್ಸಿನಲ್ಲಿ, ನನ್ನ ಮನೆ ಕೇಳಿಕೊಂಡು ಬಂದಿದ್ದರು. ಸೊಸೆ ತಲೆ ಎತ್ತಲಿಲ್ಲ. ಅಜ್ಜಿಯ ಹಣೆ ಬರಿದಾಗಿತ್ತು, ಕೊರಳೂ ಬರಿದು. ಕೂಡಿಸಿ ನೀರು ಕೊಟ್ಟೆ. ಅಜ್ಜಿ ನೀರು ಕುಡಿಯಲಿಲ್ಲ, ಸೊಸೆಯ ಕೈಯಿಂದ ಫೋನು ತೆಗೆದುಕೊಂಡು ನನ್ನ ಮುಂದೆ ಹಿಡಿದರು. ಅದರಲ್ಲಿ ನನ್ನ ಸರದ ಫೋಟೊ. ಯಾರಿಂದ ಯಾರಿಗೋ ಹೋಗಿ ಅವರ ಕೇರಿಯನ್ನೂ ಮುಟ್ಟಿತ್ತು. ನಡುವಿನ ಮುಖದ ಮೇಲೆ ಬೆರಳಿಟ್ಟು ಅಜ್ಜಿ ಹೇಳಿದರು:

“ಈಕಿ ನಮ್ಮಕ್ಕ ಅದಾಳವ್ವ.”

ನನಗೆ ಆಗ ಹೊಳೆಯಿತು. ಮೊದಲ ಹೆಂಡತಿ ಸತ್ತು ಗಂಡ ಮತ್ತೊಬ್ಬಳನ್ನು ಮದುವೆಯಾದರೆ, ಸತ್ತವಳ ಹೆಸರಿನಲ್ಲಿ ಮುಖದ ಬಿಲ್ಲೆ ಮಾಡಿಸಿ ಎರಡನೆಯವಳ ಕೊರಳಿಗೆ ಕಟ್ಟುವ ಪದ್ಧತಿ ಕೆಲವು ಮನೆಗಳಲ್ಲಿ ಇತ್ತೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಸವತಿ ಬಿಲ್ಲೆ ಅನ್ನುತ್ತಿದ್ದರು. ಕಣ್ಣಿಂದ ಕಂಡಿರಲಿಲ್ಲ. ಕಂಡಾಗ ಗುರುತು ಹಿಡಿಯದೆ ಹವಳದ ಜೊತೆ ಪೋಣಿಸಿ ಕೂತಿದ್ದೆ.

“ಲಗ್ನ ಆಗಿ ವರ್ಷ ತುಂಬಿರಲಿಲ್ಲ, ಹಡಿಯಾಕ ಹೋದಾಕಿ ಹೋಗೇಬಿಟ್ಲಂತ ಅಕ್ಕ. ನಾ ಆಕಿನ್ನ ನೋಡಿಲ್ಲ,” ಅಂದರು ಅಜ್ಜಿ. “ನಮ್ಮತ್ತಿ ಅಕ್ಕಸಾಲಿಗನ ಮುಂದ ಕುಂತು, ಮೂಗು ಹಿಂಗಿತ್ತು, ತುಟಿ ಹಿಂಗಿತ್ತು ಅಂತ ಹೇಳಿ ಮಾಡಿಸಿದ್ರು. ಹೊಳಿ ದಂಡಿಗೆ ಒಯ್ದು, ಹೆಸರು ಹಿಡದು ಕರದು, ಇದ್ರಾಗ ಕೂಡಿಸಿದ್ರು. ಲಗ್ನದ ದಿನ ಮೊದ್ಲ ನನ್ನ ಕೊಳ್ಳಿಗೆ ಅಕ್ಕನ್ನ ಕಟ್ಟಿದ್ರು. ಆಮ್ಯಾಲೆ ತಾಳಿ.”

ಹೊಸ ಸೀರೆ ಬಂದರೆ ಮೊದಲು ಅಕ್ಕನಿಗೆ ಮುಟ್ಟಿಸಿ ಆಮೇಲೆ ಉಡುವುದು. ಕುಂಕುಮ ಮೊದಲು ಅಕ್ಕನಿಗೆ. ಉಣ್ಣುವಾಗ ಮೊದಲ ತುತ್ತು ಅಕ್ಕನ ಬಾಯಿಗೆ ತೋರಿಸಿ ತಾವು ಉಣ್ಣುವುದು. ಹುಡುಗಿಯಾಗಿದ್ದಾಗ ಹೆದರಿಕೆಗೆ ಮಾಡುತ್ತಿದ್ದರಂತೆ. ಆಮೇಲೆ ಯಾವಾಗಲೋ ಹೆದರಿಕೆ ಹೋಗಿ ಮಾತು ಶುರುವಾಯಿತಂತೆ. ಗಂಡನ ಮೇಲೆ ಸಿಟ್ಟು ಬಂದರೆ ದೂರು ಹೇಳುವುದೂ ಅಕ್ಕನ ಹತ್ತಿರವೇ.

“ಅವ್ರು ತೀರಿಕೊಂಡಾಗ ತಾಳಿ ತೆಗದ್ರು, ಬಳಿ ಒಡದ್ರು. ಅಕ್ಕನ್ನ ಮುಟ್ಟಗೊಡಲಿಲ್ಲ ನಾನು. ಗಂಡ ಇಬ್ರಿಗೂ ಹೋದ. ನಾವಿಬ್ರು ಉಳದ್ವಿ.”

ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಅಜ್ಜಿಗೆ ಸ್ಕ್ಯಾನಿಂಗ್ ಮಾಡುವಾಗ ಮೈಮೇಲೆ ಲೋಹ ಇರಬಾರದೆಂದು ಬಿಲ್ಲೆ ಬಿಚ್ಚಿಸಿದ್ದರಂತೆ. ಅಜ್ಜಿ ಅದನ್ನು ಸೊಸೆಯ ಕೈಗೆ ಕೊಟ್ಟಿದ್ದರು. ಆಮೇಲೆ ಜ್ವರ ಏರಿ ಬಹಳ ದಿನ ಎಚ್ಚರ ತಪ್ಪಿ ಮಲಗಿದ್ದರು.

“ಕಪ್ಪಾಗಿತ್ರಿ. ದಾರಾನೂ ಹರದಿತ್ತು,” ಅಂತ ಸೊಸೆ ನೆಲ ನೋಡುತ್ತಲೇ ಹೇಳಿದಳು. “ಕೂಸಿಗೆ ಗೆಜ್ಜಿ ತರಾಕ ಹೋದಾಗ ಹಳೇ ಬೆಳ್ಳಿ ಜೊತಿಗೆ ಕೊಟ್ಬಿಟ್ಟೆ. ಏನು ಅಂತ ನನಗ ಯಾರೂ ಹೇಳಿರಲಿಲ್ರಿ.”

“ಆಕಿ ತಪ್ಪಿಲ್ಲ. ಸೆರಗಿನ ಒಳಗ ಇಟ್ಕೊಂಡು ಬಾಳೇವು ಮಾಡಿದಾಕಿ ನಾನು. ಯಾರಿಗೆ ಹೇಳಾಕ ಹೋಗ್ಲಿ?” ಅಜ್ಜಿ ನನ್ನ ಕೈ ಹಿಡಿದುಕೊಂಡರು. “ಕೊಳ್ಳಾಗ ಅಕ್ಕ ಇಲ್ದ ತುತ್ತು ಒಳಗ ಇಳಿವಲ್ದವ್ವ. ಎಲ್ಲ್ಯದಾಳ ಹೇಳು. ಕರಕೊಂಡು ಹೋಗ್ತೀನಿ.”

ಅಜ್ಜಿಯ ಕೈ ಒಣಗಿ ಕಡ್ಡಿಯಂತಾಗಿತ್ತು. ಸೊಸೆ ಕಣ್ಣಲ್ಲೇ ನನಗೆ, ಹೌದು, ಉಣ್ಣುವುದೇ ಇಲ್ಲ ಎಂದು ಹೇಳಿದಳು. ನಾನು ಏನು ಹೇಳಲಿ? ಮದುಮಗಳ ಕೊರಳಲ್ಲಿದ್ದಾಳೆ ಅನ್ನಲೇ? “ನಮ್ಮವರಿಗೇ ಕೊಟ್ಟೀನಿ, ತರಸ್ತೀನಿ,” ಅಂದುಬಿಟ್ಟೆ. ಅಜ್ಜಿ ಆಗ ನೀರು ಕುಡಿದರು.

ಮರುದಿನವೇ ಕುರುಗೋಡಿನ ಬಸ್ಸು ಹತ್ತಿದೆ. ನನ್ನ ಹತ್ತಿರ ಇದ್ದದ್ದರಲ್ಲೇ ಚೆಂದದ ಒಂದು ಹಳೆಯ ಪದಕ ಹುಡುಕಿ, ರಾತ್ರಿ ಹೊತ್ತು ಮೀರುವ ತನಕ ಹೆಣಗಿ ಇನ್ನೊಂದು ಸರ ಮಾಡಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಗೆಳತಿಯ ಮನೆಯಲ್ಲಿ ಕರಿದ ಎಣ್ಣೆಯ ವಾಸನೆ, ಅಂಗಳದಲ್ಲಿ ಚಪ್ಪರದ ಕಂಬ. ಹುಡುಗಿ ಕೊರಳಲ್ಲಿ ಸರ ಹಾಕಿಕೊಂಡೇ ಓಡಾಡುತ್ತಿದ್ದಳು.

“ಬಂಗಾರದಂಥ ಸರ ತಂದೀನಿ. ಅದನ್ನ ಕೊಡು, ಇದನ್ನ ಹಾಕ್ಕೋ,” ಅಂದೆ.

“ಬ್ಯಾಡ ಚಿಕ್ಕಮ್ಮ, ನನಗ ಈಕಿನ ಬೇಕು.”

“ಕೊಂಡಿ ಸಡಿಲ ಐತಿ. ಬಿದ್ದು ಹೋಗ್ತೈತಿ. ಗಟ್ಟಿ ಮಾಡಿ ಕೊಡ್ತೀನಿ.”

ಅವಳು ನಗುತ್ತ ಸರವನ್ನು ಜಗ್ಗಿ ತೋರಿಸಿದಳು. “ಎಲ್ಲಿ ಸಡಿಲ? ನೀವ ಹಾಕಿದ್ದಲ್ಲ?” ಕೊಂಡಿ ಅಲುಗಲಿಲ್ಲ. ನನ್ನ ಕೆಲಸದ ಬಗ್ಗೆ ನನಗೇ ಸಿಟ್ಟು ಬಂದದ್ದು ಅದೇ ಮೊದಲು.

ಗೆಳತಿ ಅಡುಗೆಮನೆಯಿಂದ ಇಣುಕಿ, “ಲೇ, ಕೊಟ್ಟ ಉಡುಗೊರಿ ವಾಪಸ್ ಕೇಳಾಕ ಬಂದೀ ಏನು?” ಅಂತ ಚೇಷ್ಟೆ ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಜ ಬಾಯಿಯ ತುದಿಯಲ್ಲಿ ಕೂತಿತ್ತು. ಹೇಳಿದರೆ? ಬೆಕ್ಕು ಅಡ್ಡ ಹೋದರೆ ಚಪ್ಪಲಿ ಬಿಚ್ಚಿ ಮನೆಯೊಳಗೆ ಬಂದು ಕೂರುವವಳು ನನ್ನ ಗೆಳತಿ. ಅರಿಶಿನ ಹಚ್ಚುವ ಮನೆಯಲ್ಲಿ, ನಿನ್ನ ಮಗಳ ಕೊರಳಲ್ಲಿರುವುದು ಯಾರದೋ ಸತ್ತ ಹೆಂಡತಿಯ ಸವತಿ ಬಿಲ್ಲೆ ಎಂದು ಯಾವ ಬಾಯಿಂದ ಹೇಳುವುದು? ಬೀಗರ ಕಿವಿಗೆ ಬಿದ್ದರೆ? ಮುಂದೆ ಆ ಹುಡುಗಿಗೆ ನೆಗಡಿ ಬಂದರೂ ಇದರಿಂದಲೇ ಅಂದಾರು. ನಾನು ಕರ್ಚಿಕಾಯಿ ತಿಂದು, ಚಹಾ ಕುಡಿದು, ಹೊಸ ಸರವನ್ನೂ ಅಲ್ಲೇ ಕೊಟ್ಟು ಬಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಹಳೆಯದನ್ನು ಹೊಸದು ಮಾಡುವಾಕೆ ಎಂದು ಊರೆಲ್ಲ ಹೊಗಳಿಸಿಕೊಂಡವಳು ನಾನು. ಹೊಸದಾದದ್ದನ್ನು ಮತ್ತೆ ಹಳೆಯದು ಮಾಡುವುದು ನನಗೆ ಗೊತ್ತಿರಲಿಲ್ಲ.

ಸಿರುಗುಪ್ಪಕ್ಕೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ಬೈದರೆ ಬೈಸಿಕೊಳ್ಳೋಣ ಎಂದು ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಗಾಬರಿಯಾದರು.

“ಮದುಮಗಳ ಕೊಳ್ಳಾಗ? ಆ ಕೂಸಿಗೆ ಗೊತ್ತೈತೇನು?”

“ಇಲ್ಲ.”

“ಹೇಳಬ್ಯಾಡ. ನನ್ನ ಮ್ಯಾಲೆ ಆಣಿ ಐತಿ, ಹೇಳಬ್ಯಾಡ. ನಾ ಹೆದರ್ಕೊಂಡು ಬಾಳೇವು ಮಾಡೀನಿ. ಆ ಹೆದರಿಕಿ ಆ ಕೂಸಿಗ್ಯಾಕ?”

“ಮದುವಿ ಆದ ಮ್ಯಾಲೆ ಹೆಂಗರ ಮಾಡಿ ಕೇಳ್ತೀನಿ ಅಜ್ಜಿ.”

“ಏನಂತ ಕೇಳ್ತೀ?”

ಇಂಥದ್ದೇ ಇನ್ನೊಂದು ಮಾಡಿಸಿಕೊಡುತ್ತೇನೆ, ಫೋಟೊ ಇದೆ, ಅಕ್ಕಸಾಲಿಗರು ತದ್ರೂಪ ಮಾಡುತ್ತಾರೆ ಅಂದೆ.

“ಮಾಡ್ತಾರವ್ವ. ಅದ್ರಾಗ ಕರದು ಕೂಡಸಾವ್ರು ಯಾರದಾರ? ನಮ್ಮತ್ತಿ ಹೋದ್ರು. ಅಕ್ಕನ ಮಾರಿ ಕಂಡಾವ್ರು ಒಬ್ರೂ ಉಳದಿಲ್ಲ.” ಆಮೇಲೆ ಕೇಳಿದರು, “ಒಂದ್ಸಲ ತೋರಸ್ತೀಯೇನು?”

ಅದೊಂದು ನನ್ನ ಕೈಯಲ್ಲಿತ್ತು. ಮದುವೆಯ ದಿನ, ನಮ್ಮ ಸಂಬಂಧಿಕರು ಎಂದು ಹೇಳಿ ಕುರುಗೋಡಿಗೆ ಕರೆದುಕೊಂಡು ಹೋದೆ. ಬಸವಣ್ಣನ ಗುಡಿಯ ಹತ್ತಿರದ ಕಲ್ಯಾಣ ಮಂಟಪ. ಅಜ್ಜಿ ಗೋಡೆಗೆ ಒತ್ತಿ, ಯಾರ ಕಣ್ಣಿಗೂ ಬೀಳದಂತೆ ಕೂತರು. ತಾಳಿ ಕಟ್ಟುವಾಗ ಎಲ್ಲರೂ ಅಕ್ಕಿಕಾಳು ಹಾಕಿದರು. ಇವರು ಹಿಡಿದ ಕಾಳು ಹಿಡಿದುಕೊಂಡೇ ಇದ್ದರು.

ಆಮೇಲೆ ಗಂಡುಹೆಣ್ಣು ಹಿರಿಯರ ಕಾಲು ಮುಟ್ಟುತ್ತ ನಮ್ಮ ಸಾಲಿಗೂ ಬಂದರು. ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಂಡರು.

“ನನಗ ಬ್ಯಾಡವ್ವ. ನಾ ಹಾಕಬಾರ್ದು ಕಾಳು.”

“ಅದೆಲ್ಲ ಏನಿಲ್ಲ ಅಜ್ಜಿ, ಹಾಕ್ರಿ,” ಅಂತ ಹುಡುಗಿ ಬಗ್ಗಿಯೇಬಿಟ್ಟಳು. ಹೊಸ ತಾಳಿಯ ಜೊತೆ ಸರವೂ ಮುಂದಕ್ಕೆ ಜೋತು ಬಿತ್ತು. ಅಜ್ಜಿಯ ಕೈಯಿಂದ ಕಾಳು ಉದುರಿತು. ಆ ಕೈಯಲ್ಲೇ ಬಿಲ್ಲೆ ಹಿಡಿದುಕೊಂಡರು. ಹೆಬ್ಬೆರಳು ಸವೆದ ಗಲ್ಲದ ಮೇಲೆ ತಾನಾಗಿ ಹೋಗಿ ಕೂತಿತು.

“ಚೊಲೊ ಐತಿಲ್ಲ ಅಜ್ಜಿ? ನಮ್ಮ ಚಿಕ್ಕಮ್ಮ ಮಾಡಿದ್ದು,” ಅಂದಳು ಹುಡುಗಿ.

“ಹೂಂ. ಚೊಲೊ ಅದಾಳ,” ಅಂದರು ಅಜ್ಜಿ.

ಹಿಂದಿನವರು ಮುಂದೆ ನಡೆಯಿರಿ ಎಂದು ಅವಸರ ಮಾಡಿದರು. ಅಜ್ಜಿ ಬೆರಳು ಬಿಟ್ಟರು. ಈಗ ಬಾಯಿ ಬಿಟ್ಟು ಹೇಳಿಬಿಡಲೇ ಅನ್ನಿಸಿತು. ಅಜ್ಜಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಿದ್ದರು. ಹುಡುಗಿ ಮುಂದಿನವರ ಕಾಲಿಗೆ ಹೋದಳು.

ಊಟಕ್ಕೆ ಕೂತೆವು. ಎಲೆಯ ಮೇಲೆ ಗೋಧಿ ಹುಗ್ಗಿ ಬಿತ್ತು, ಬದನೆಕಾಯಿ ಪಲ್ಯ ಬಿತ್ತು. ಅಜ್ಜಿ ಒಂದು ತುತ್ತು ಕಲಸಿದರು. ಕೈ ರೂಢಿಯಂತೆ ಬಾಯಿಯ ಕಡೆ ಹೋಗದೆ ಕೊರಳಿನ ಕಡೆ ಹೋಯಿತು. ಅಲ್ಲಿ ಬರೀ ಸೆರಗು. ತುತ್ತು ಹಿಡಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನು ಎಲೆಯ ಅಂಚಿಗೆ ಇಟ್ಟರು. ಅತ್ತ ಮದುಮಗಳು ಇನ್ನೂ ಊಟಕ್ಕೆ ಬಂದಿರಲಿಲ್ಲ, ಫೋಟೊಗೆ ನಿಂತಿದ್ದಳು.

ತುಪ್ಪ ಬಡಿಸುವವರು ಬಂದು, “ಯಾಕ ಅಜ್ಜಿ, ಉಣವಲ್ರಿ?” ಅಂದರು.

“ಅಕ್ಕ ಇನ್ನಾ ಉಂಡಿಲ್ಲಪಾ,” ಅಂದರು ಅಜ್ಜಿ.

ಬಡಿಸುವವರು ಸಾಲಿನ ಉದ್ದಕ್ಕೂ ಕಣ್ಣಾಡಿಸಿ, “ಯಾವ ಅಕ್ಕಾರು? ಎಲ್ಲ್ಯದಾರ? ಕರೀರಿ, ಇಲ್ಲೇ ಎಲಿ ಹಾಕ್ತೀನಿ,” ಅಂದರು.