ಬೆಳ್ಯಪ್ಪನವರ ಕೋವಿಯೆಣ್ಣೆ

ಅಮ್ಮತ್ತಿಯ ಸುತ್ತಮುತ್ತ ಯಾರ ಕೋವಿಗೆ ತುಕ್ಕು ಹಿಡಿದಿದೆಯೆಂದು ಕೋವಿಯ ಯಜಮಾನನಿಗಿಂತ ಮೊದಲು ತಿಳಿಯುತ್ತಿದ್ದುದು ನಮ್ಮ ಬೆಳ್ಯಪ್ಪನವರಿಗೆ. ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಮೈದಾನದಲ್ಲಿ ಜನ ಸೇರಿದರೆ, ಅವರು ಒಬ್ಬೊಬ್ಬರ ನಳಿಗೆಗೂ ಕಣ್ಣಿಟ್ಟು, "ಥೂ, ಇದರೊಳಗೆ ಎಂತ, ಇಲಿ ಸಾಕಿದ್ದೀಯಾ?" ಎಂದು ಮರ್ಯಾದೆ ತೆಗೆಯುತ್ತಿದ್ದರು. ಅವರದೇ ಒಂದು ಕೋವಿಯೆಣ್ಣೆ ಇತ್ತು. ತೆಂಗಿನೆಣ್ಣೆಗೆ ಲವಂಗದೆಣ್ಣೆ ಬೆರೆಸಿದ್ದು. ಅಳತೆ ಗುಟ್ಟು, ವಾಸನೆ ಊರಿಗೆಲ್ಲ ಗೊತ್ತು. ಅವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಮೂಗಿಗಂತೂ ಅದರಿಂದ ಬಿಡುಗಡೆಯೇ ಇರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೂರನೆಯ ವರ್ಷ, ಸೀಮೆಗೆ ವಾಪಸು ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ ಬೆಳ್ಯಪ್ಪನವರು ಹಳೆಯ ಹಸಿರು ಕಾರೊಂದನ್ನು ಕೊಂಡರು. ಬಾಗಿಲುಗಳ ಕೆಳಗೆ ನಾಲ್ಕೈದು ಕಡೆ ಬಣ್ಣ ಎದ್ದು ತುಕ್ಕು ಇಣುಕುತ್ತಿತ್ತು. ತುಕ್ಕಿನ ಶತ್ರುವಿನ ಅಂಗಳದಲ್ಲೇ ತುಕ್ಕು! ಮಳೆ ಹಿಡಿಯುವ ಮೊದಲೇ ಸರಿಪಡಿಸಬೇಕೆಂದು ಮೇ ತಿಂಗಳಲ್ಲಿ ಅಮ್ಮತ್ತಿಯ ಪೇಂಟರ್ ಸಿದ್ದಣ್ಣನನ್ನು ಕರೆಸಿದರು.

ಸೋಮವಾರಪೇಟೆ ಕಡೆಯಿಂದ ಬಂದಿದ್ದ ಸಿದ್ದಣ್ಣನ ಹೊಟ್ಟೆಪಾಡು ನಡೆಯುತ್ತಿದ್ದುದು ಎಸ್ಟೇಟುಗಳ ಕಾರು, ಜೀಪುಗಳಿಂದ. ಅವನು ಉಪ್ಪುಕಾಗದದಿಂದ ಒಂದೊಂದೇ ಕಲೆ ಉಜ್ಜಿ, ತಗಡು ಬೆಳ್ಳಗೆ ಹೊಳೆದ ಮೇಲೆ ಪೆಟ್ರೋಲಿನಲ್ಲಿ ಒರೆಸಿದ. ಊಟಕ್ಕೆ ಹೊರಟಾಗ ನನ್ನನ್ನು ಕರೆದ.

"ರೈಟ್ರೇ, ಒಸಿ ನೋಡ್ಕಳಿ. ಯಾರೂ ಮುಟ್ಬಾರ್ದು. ಜಿಡ್ಡು ತಾಗಿದ್ರೆ ಬಣ್ಣ ಹಿಡಿಯಲ್ಲ."

ಅವನು ಮರೆಯಾದದ್ದೇ ತಡ, ಬೆಳ್ಯಪ್ಪನವರು ಬಂದರು. "ಕಬ್ಬಿಣವನ್ನು ಹೀಗೆ ಬರಿಮೈಯಲ್ಲಿ ಬಿಟ್ಟು ಉಣ್ಣಲಿಕ್ಕೆ ಹೋದನಾ? ಇವನೂ ಒಬ್ಬ ಪೇಂಟರ್!" ಒಳಗಿನಿಂದ ಬಾಟಲಿ ತಂದರು. ಕೋವಿಗೆ ಹಚ್ಚುವಂತೆಯೇ ಪ್ರತಿ ಕಲೆಗೂ ಎಣ್ಣೆ ತಿಕ್ಕಿ, ಬಟ್ಟೆಯಿಂದ ನೀಟಾಗಿ ಒರೆಸಿದರು. ನಾನು "ಸಾರ್..." ಎಂದೆ. ಅವರು ತಿರುಗಿ ನೋಡಿದರು. ಸಂಬಳ ಕೊಡುವವರ ಮುಖ ಕಂಡು ಉಳಿದ ಮಾತನ್ನು ನುಂಗಿದೆ. ಸಿದ್ದಣ್ಣ ಬಂದಾಗ ಬೆಳ್ಯಪ್ಪನವರು ಪಕ್ಕದಲ್ಲೇ ನಿಂತಿದ್ದರಿಂದ ಲವಂಗದ ವಾಸನೆಯ ಬಗ್ಗೆ ಅವನಿಗೆ ಅನುಮಾನ ಬರಲಿಲ್ಲ. ಬಣ್ಣ ಬಳಿದು ಹೋದ.

ಜೂನಿನಲ್ಲಿ ಆ ಬಣ್ಣ ಬೊಬ್ಬೆ ಎದ್ದಿತು. ಜುಲೈಯಲ್ಲಿ ಸಿಪ್ಪೆಯಾಗಿ ಸುಲಿಯಿತು. ಬೆಳ್ಯಪ್ಪನವರು ಸಂತೆಯಲ್ಲಿ ನಿಂತು "ಸಿದ್ದಣ್ಣ ಮೋಸಗಾರ" ಎಂದು ಸಾರಿದರು. ದೊಡ್ಡವರ ಮಾತು ನೋಡಿ, ಯಾರೂ ವಿಚಾರಿಸಲಿಲ್ಲ. ಎಸ್ಟೇಟುಗಳ ಕಾರೆಲ್ಲ ಬಣ್ಣಕ್ಕೆ ಗೋಣಿಕೊಪ್ಪಲಿನ ದಾರಿ ಹಿಡಿದವು. ಆಗಸ್ಟಿನಲ್ಲಿ ಸಿದ್ದಣ್ಣನ ಅಂಗಡಿ ಮುಚ್ಚಿತು. ಅವನು ಊರು ಬಿಡುತ್ತಾನೆಂದು ಸುದ್ದಿ ಬಂದಾಗಲೂ ನಾನು ಬಾಯಿ ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಬಂತು. ಬೆಳ್ಯಪ್ಪನವರು ಆ ಕಾರನ್ನೇ ಮೈದಾನಕ್ಕೆ ತಂದು, ಜನರ ನಡುವೆ ನಿಂತಿದ್ದ ಸಿದ್ದಣ್ಣನನ್ನು ಕರೆದರು. "ಎಲ್ಲರೂ ನೋಡಿ, ಇವನ ಕೈಕೆಲಸ!"

ಸಿದ್ದಣ್ಣ ಕುಕ್ಕರಗಾಲಲ್ಲಿ ಕೂತು, ಎದ್ದ ಬಣ್ಣವನ್ನು ಉಗುರಿನಿಂದ ಸುಲಿದು, ಅದರಡಿಯ ತಗಡಿಗೆ ಬೆರಳೊತ್ತಿ ಮೂಸಿದ. ಎದ್ದು, ಊರಿಗೆ ಹಿರಿಯರಾದ ಮಾಯಿಲಪ್ಪನವರ ಮೂಗಿಗೆ ಆ ಬೆರಳು ಹಿಡಿದ. ಮಾಯಿಲಪ್ಪನವರು ಬೆರಳು ಮೂಸಿದರು. ಆಮೇಲೆ ಬೆಳ್ಯಪ್ಪನವರ ಕೋವಿಯನ್ನು ಎತ್ತಿ ಅದನ್ನೂ ಮೂಸಿದರು.

"ಅಲ್ಲ ಬೆಳ್ಯಪ್ಪ, ನಿನ್ನ ಕಾರಿಗೆ ಎಷ್ಟನೇ ನಂಬರಿನ ಗುಂಡು ತುಂಬೋದು?"

ಮೈದಾನವೇ ನಕ್ಕಿತು. ಬೆಳ್ಯಪ್ಪನವರಿಗೆ ನಾಚಿಕೆಯೆಲ್ಲಿಂದ ಬರಬೇಕು? ಎದೆ ಸೆಟೆಸಿ, "ನೋಡಿದಿರಾ? ಮೂರು ತಿಂಗಳ ಮಳೆಗೂ ವಾಸನೆ ಹೋಗಲಿಲ್ಲ. ಎಣ್ಣೆ ಅಂದ್ರೆ ಇದು!" ಎಂದರು.

ನಗದೆ ಉಳಿದವನು ಸಿದ್ದಣ್ಣ ಒಬ್ಬನೇ. ಅವನು ನೆಟ್ಟಗೆ ನನ್ನ ಬಳಿ ಬಂದ.

"ರೈಟ್ರೇ, ಕಾರು ನಿಮ್ಗೆ ಒಪ್ಸಿ ಹೋಗಿದ್ನಲ್ಲ?"

ಮರುವಾರವೇ ಅವನ ಅಂಗಡಿ ಮತ್ತೆ ತೆರೆಯಿತು, ಮುಂದೆ ಎರಡು ಜೀಪು ನಿಂತವು. ಬೆಳ್ಯಪ್ಪನವರು ಇಂದಿಗೂ ಅದೇ ಬಾಗಿಲಲ್ಲಿ ನಿಂತು ಅವನಿಗೆ ಕಬ್ಬಿಣದ ಪಾಠ ಹೇಳುತ್ತಾರೆ. ನಾನು ಮಾತ್ರ ಅಲ್ಲಿಗೆ ಬಂದಾಗ ರಸ್ತೆಯ ಆಚೆ ಬದಿ ಹಿಡಿಯುತ್ತೇನೆ.